ಎಸ್‌ಕ್ಯೂಎಲ್ ಬರೆಯುವಾಗ ಸಂಬಂಧ ಮಾದರಿಯ ಸಿದ್ಧಾಂತವನ್ನು ಪಾಲಿಸುವ ಬಗೆ

ದೋಷದ ಸಂದೇಶವೇನೂ ಬಾರದೆ ಓಡಿ, ತಪ್ಪು ಉತ್ತರವನ್ನು ಕೊಡುವ ಕ್ವೆರಿಯನ್ನು (ದತ್ತಾಂಶ ಕೇಳುವ ಆದೇಶವನ್ನು) ಪತ್ತೆಹಚ್ಚುವುದು ಬಹಳ ಕಷ್ಟ. ಇಂತಹ ತಪ್ಪುಗಳಲ್ಲಿ ಹಲವು ಸಂಬಂಧ ಮಾದರಿಯ ಸಿದ್ಧಾಂತಕ್ಕೂ, ಟೇಬಲ್‌ಗಳಲ್ಲಿರುವ ದತ್ತಾಂಶವನ್ನು ಕೇಳಲು ಬಳಸುವ ಎಸ್‌ಕ್ಯೂಎಲ್ ಭಾಷೆಗೂ ನಡುವೆ ಉಳಿದಿರುವ ಅಂತರದಿಂದ ಹುಟ್ಟುತ್ತವೆ. ಐಬಿಎಂನ ಸಂಶೋಧಕ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಮಾದರಿಯಲ್ಲಿ ಸಂಬಂಧವೆಂದರೆ (ಎಸ್‌ಕ್ಯೂಎಲ್‌ನ ಟೇಬಲ್‌ಗೆ ಸಮಾನವಾದುದು) ಸಾಲುಗಳ ಒಂದು ಗಣ. ಗಣವಾದ್ದರಿಂದ ಅದರಲ್ಲಿ ಒಂದೇ ಸಾಲು ಎರಡು ಬಾರಿ ಬರುವುದಿಲ್ಲ, ಸಾಲುಗಳಿಗೆ ಕ್ರಮವೂ ಇರುವುದಿಲ್ಲ. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಸೀಕ್ವೆಲ್ ಎಂಬ ಹೆಸರಿನಿಂದ ಪರಿಚಯಿಸಿದ, ಮುಂದೆ 1986ರಲ್ಲಿ ಅಮೆರಿಕದ ಮಾನಕವಾದ ಎಸ್‌ಕ್ಯೂಎಲ್ ಭಾಷೆಯಾದರೋ ಪುನರಾವೃತ್ತ ಸಾಲುಗಳನ್ನೂ, ಮೌಲ್ಯ ಇಲ್ಲ ಅಥವಾ ತಿಳಿದಿಲ್ಲ ಎಂದು ಸೂಚಿಸುವ ನಲ್ ಎಂಬ ಗುರುತನ್ನೂ ಒಪ್ಪಿಕೊಂಡಿತು. ಆದ್ದರಿಂದ ಸಿದ್ಧಾಂತವು ಕೊಡುವ ಭರವಸೆಗಳು ಎಸ್‌ಕ್ಯೂಎಲ್‌ನಲ್ಲಿ ತಾವಾಗಿಯೇ ದೊರೆಯುವುದಿಲ್ಲ. ಬರೆಯುವವರೇ ಅವುಗಳನ್ನು ಕಾಪಾಡಿಕೊಳ್ಳಬೇಕು.

ಉದಾಹರಣೆಗೆ ಗ್ರಂಥಾಲಯವೊಂದರ ಮೂರು ಟೇಬಲ್‌ಗಳನ್ನು ತೆಗೆದುಕೊಳ್ಳೋಣ: ಓದುಗರು, ಪುಸ್ತಕಗಳು ಮತ್ತು ಎರವಲುಗಳು. ಮೊದಲ ಕೆಲಸವೆಂದರೆ ಪ್ರತಿಯೊಂದು ಟೇಬಲ್‌ಗೂ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ ಕಾಲಂ ಅಥವಾ ಕಾಲಂಗಳನ್ನು ಕೊಡುವುದು. ಕೀ ಇಲ್ಲದ ಟೇಬಲ್ಲನ್ನೂ ಎಸ್‌ಕ್ಯೂಎಲ್ ಸ್ವೀಕರಿಸುತ್ತದೆ, ಆದರೆ ಅದು ಗಣವಾಗಿ ಉಳಿಯುವ ಖಾತರಿ ಇರುವುದಿಲ್ಲ. ಕ್ರಮಸಂಖ್ಯೆಯನ್ನು ಕೀ ಮಾಡಿ ಸುಮ್ಮನಾಗುವುದೂ ಸಾಲದು. ಒಬ್ಬ ಓದುಗ ಒಂದು ಪುಸ್ತಕವನ್ನು ಒಂದು ದಿನದಲ್ಲಿ ಒಮ್ಮೆ ಮಾತ್ರ ಪಡೆಯಬಹುದು ಎಂಬ ನಿಯಮವಿದ್ದರೆ ಆ ಮೂರು ಕಾಲಂಗಳ ಮೇಲೆ ಯೂನಿಕ್ ನಿರ್ಬಂಧವನ್ನೂ (ಅದೇ ಮೌಲ್ಯಗಳು ಒಟ್ಟಾಗಿ ಮತ್ತೆ ಬರಬಾರದೆಂಬ ನಿಯಮ) ಹಾಕಬೇಕು; ಇಲ್ಲವಾದರೆ ಒಂದೇ ಘಟನೆ ಬೇರೆ ಬೇರೆ ಕ್ರಮಸಂಖ್ಯೆಗಳಡಿ ಎರಡು ಬಾರಿ ದಾಖಲಾಗುತ್ತದೆ.

ಟೇಬಲ್‌ಗಳು ಸರಿಯಾಗಿದ್ದರೂ ಕ್ವೆರಿಯ ಫಲಿತಾಂಶದಲ್ಲಿ ಪುನರಾವೃತ್ತಿ ನುಸುಳಬಹುದು, ಮತ್ತು ನನ್ನ ಅಭಿಪ್ರಾಯದಲ್ಲಿ ಅತ್ಯಂತ ಹೆಚ್ಚು ಎಚ್ಚರ ಬೇಕಾದ ಜಾಗ ಇದೇ. ಪುಸ್ತಕ ಎರವಲು ಪಡೆದಿರುವ ಓದುಗರ ಒಟ್ಟು ಠೇವಣಿ ಎಷ್ಟು ಎಂದು ತಿಳಿಯಲು ಓದುಗರು ಮತ್ತು ಎರವಲುಗಳನ್ನು ಜಾಯಿನ್ ಮಾಡಿ (ಹೊಂದುವ ಸಾಲುಗಳನ್ನು ಜೋಡಿಸಿ) ಠೇವಣಿಯ ಮೊತ್ತ ತೆಗೆದರೆ, 100ರ ಠೇವಣಿಯಿಟ್ಟು ಮೂರು ಪುಸ್ತಕ ಪಡೆದವರ ಲೆಕ್ಕ 300 ಆಗುತ್ತದೆ, ಏಕೆಂದರೆ ಅವರ ಸಾಲು ಪ್ರತಿ ಎರವಲಿಗೂ ಒಮ್ಮೆ ಬರುತ್ತದೆ. ಇದನ್ನು ಕಂಡು ಅನೇಕರು ಮೊತ್ತ ತೆಗೆಯುವ ಸಮ್ ಒಳಗೆ, ಪುನರಾವೃತ್ತ ಮೌಲ್ಯಗಳನ್ನು ಬಿಡುವ ಡಿಸ್ಟಿಂಕ್ಟ್ ಸೇರಿಸುತ್ತಾರೆ. ಆಗ ತಪ್ಪು ಇನ್ನೊಂದು ಬದಿಗೆ ವಾಲುತ್ತದೆ: ತಲಾ 100 ಇಟ್ಟ ಇಬ್ಬರಿದ್ದರೆ ಅವರ ಮೊತ್ತ 200 ಆಗುವ ಬದಲು 100 ಆಗುತ್ತದೆ, ಏಕೆಂದರೆ ಡಿಸ್ಟಿಂಕ್ಟ್ ಇಲ್ಲಿ ಓದುಗರನ್ನಲ್ಲ, ಠೇವಣಿಯ ಅಂಕಿಗಳನ್ನು ಹೋಲಿಸುತ್ತದೆ. ಪ್ರಶ್ನೆ ಇರುವುದು ಓದುಗರ ಬಗ್ಗೆ; ಎರವಲು ಅದರಲ್ಲಿ ಒಂದು ಷರತ್ತು ಮಾತ್ರ. ಆದ್ದರಿಂದ ಟೇಬಲ್‌ಗಳನ್ನು ಹೆಸರಿಸುವ ಫ್ರಂ ಭಾಗದಲ್ಲಿ ಓದುಗರ ಟೇಬಲ್ಲನ್ನು ಮಾತ್ರ ಇಟ್ಟು, ಎರವಲಿನ ಷರತ್ತನ್ನು, ಹೊಂದುವ ಸಾಲು ಇದೆಯೇ ಎಂದು ಮಾತ್ರ ನೋಡುವ ಎಕ್ಸಿಸ್ಟ್ಸ್ ಮೂಲಕ, ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಬರೆಯಬೇಕು. ಹೀಗೆ ಬರೆದಾಗ ಪ್ರತಿ ಓದುಗನಿಗೆ ಒಂದೇ ಸಾಲು ಉಳಿಯುತ್ತದೆ. ಕ್ವೆರಿ ಬರೆಯುವ ಮುನ್ನ "ಫಲಿತಾಂಶದ ಒಂದು ಸಾಲು ಏನನ್ನು ಹೇಳುತ್ತದೆ, ಅದರ ಕೀ ಯಾವುದು" ಎಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ನಾನು ಎಲ್ಲರಿಗೂ ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಎರಡನೆಯ ತೊಡಕು ನಲ್. ನಲ್ ಜೊತೆಗಿನ ಯಾವುದೇ ಸಾಮಾನ್ಯ ಹೋಲಿಕೆಯ ಫಲ ನಿಜವೂ ಅಲ್ಲ, ಸುಳ್ಳೂ ಅಲ್ಲ. ಅದು ‘ಅಜ್ಞಾತ’ ಎಂಬ ಮೂರನೆಯ ಮೌಲ್ಯ. ಯಾರೂ ಎರವಲು ಪಡೆಯದ ಪುಸ್ತಕಗಳನ್ನು ನಾಟ್ ಇನ್ (ಪಟ್ಟಿಯಲ್ಲಿ ಇಲ್ಲ) ಬಳಸಿ ಹುಡುಕುವಾಗ, ಎರವಲುಗಳ ಒಂದೇ ಒಂದು ಸಾಲಿನಲ್ಲಿ ಪುಸ್ತಕ ಸಂಖ್ಯೆ ನಲ್ ಆಗಿದ್ದರೂ ಫಲಿತಾಂಶ ಪೂರ್ತಿ ಖಾಲಿಯಾಗುತ್ತದೆ. ಪುಸ್ತಕ 5 ಪಟ್ಟಿಯಲ್ಲಿ ಇಲ್ಲ ಎನ್ನಲು ಅದು ಪಟ್ಟಿಯ ಪ್ರತಿಯೊಂದು ಮೌಲ್ಯಕ್ಕಿಂತಲೂ ಬೇರೆ ಎಂದು ಸಾಬೀತಾಗಬೇಕು. ನಲ್‌ಗೆ ಬಂದಾಗ ಉತ್ತರ ಅಜ್ಞಾತವಾಗುತ್ತದೆ, ಮತ್ತು ಅಜ್ಞಾತವಾದ ಸಾಲನ್ನು ವೇರ್ ಕೈಬಿಡುತ್ತದೆ. ಅದೇ ಅಜ್ಞಾತವನ್ನು, ದತ್ತಾಂಶ ಸೇರಿಸುವಾಗ ಷರತ್ತನ್ನು ಪರೀಕ್ಷಿಸುವ ಚೆಕ್ ನಿರ್ಬಂಧ ಮಾತ್ರ ಒಪ್ಪಿಕೊಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು: ಠೇವಣಿ ಸೊನ್ನೆಗಿಂತ ಹೆಚ್ಚಿರಬೇಕು ಎಂಬ ಚೆಕ್ ಇದ್ದರೂ ನಲ್ ಠೇವಣಿ ಒಳಗೆ ಬರುತ್ತದೆ. ಹೀಗಾಗಿ ಕಾಲಂಗಳನ್ನು ಮೊದಲಿಗೆ ನಾಟ್ ನಲ್ ಎಂದೇ ಘೋಷಿಸಿ, ನಲ್ ಬೇಕೆನ್ನಲು ಸ್ಪಷ್ಟ ಕಾರಣವಿದ್ದಲ್ಲಿ ಮಾತ್ರ ಸಡಿಲಿಸಬೇಕು. "ಇಲ್ಲ" ಎಂಬ ಪ್ರಶ್ನೆಗಳಿಗೆ ನಾಟ್ ಇನ್ ಬದಲು ನಾಟ್ ಎಕ್ಸಿಸ್ಟ್ಸ್ ಬಳಸಬೇಕು.

ಕ್ರಮದ ವಿಷಯ ಸರಳ. ಕ್ರಮವನ್ನು ನಿಗದಿಪಡಿಸುವ ಆರ್ಡರ್ ಬೈ ಇಲ್ಲದ ಫಲಿತಾಂಶದ ಕ್ರಮವನ್ನು ನಂಬಬಾರದು, ಮತ್ತು ಪ್ರೋಗ್ರಾಮಿನಲ್ಲಿ ನಕ್ಷತ್ರ ಚಿಹ್ನೆಯಿಂದ (*) ಎಲ್ಲ ಕಾಲಂಗಳನ್ನೂ ತರಿಸಿ ಸ್ಥಾನದ ಲೆಕ್ಕದಲ್ಲಿ ಓದದೆ, ಬೇಕಾದ ಕಾಲಂಗಳನ್ನು ಹೆಸರಿಸಿ ತರಿಸಬೇಕು.

ಬರೆದ ಕ್ವೆರಿಯನ್ನು ಪರೀಕ್ಷಿಸಲು ಏಳೆಂಟು ಸಾಲುಗಳ ಪ್ರಾಯೋಗಿಕ ದತ್ತಾಂಶ ಸಾಕು, ಆದರೆ ಅದರಲ್ಲಿ ಒಂದೂ ಪುಸ್ತಕ ಪಡೆಯದ ಓದುಗ, ಮೂರು ಪುಸ್ತಕ ಪಡೆದ ಓದುಗ, ಸಮಾನ ಠೇವಣಿಯ ಇಬ್ಬರು ಮತ್ತು ನಲ್‌ಗೆ ಅವಕಾಶವಿರುವ ಪ್ರತಿ ಕಾಲಂನಲ್ಲೂ ಒಂದು ನಲ್ ಕಡ್ಡಾಯವಾಗಿ ಇರಬೇಕು.