ಬಾಗಿಲ ಕೆಳಗಿನ ತಗಡು ನೋಡಿ ಬೆಲೆ ಕಟ್ಟಿದ್ದು

ಹಳೆಯ ಸ್ಪೋರ್ಟ್ಸ್ ಕಾರು ನೋಡೋಕೆ ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ನಾನು ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗುತ್ತೇನೆ. ಪುಣೆಯ ಭೋಸರಿಯಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ತಗಡು, ವೆಲ್ಡಿಂಗ್ ನನ್ನ ಹೊಟ್ಟೆಪಾಡು, ಹಳೆಯ ಕಾರು ನನ್ನ ಹುಚ್ಚು. ಮುಂಬೈ, ಗೋವಾ ಕಡೆಯ ಕಾರುಗಳನ್ನು ನೋಡಿ ನೋಡಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಇಂಥ ಕಾರಿನ ಬೆಲೆ ನಿಂತಿರೋದು ಬಾಗಿಲ ಕೆಳಗಿನ ತಗಡಿನ ಮೇಲೆ, ಮತ್ತೆ ಆರ್‌ಸಿ ಪುಸ್ತಕದ ಮೇಲೆ. ಎಂಜಿನ್ ಆಮೇಲಿನ ಮಾತು.

ಈಚೆಗೆ ಬೆಲೆ ಕಟ್ಟಿದ ಒಂದು ಕಾರಿನ ಕಥೆ ಹೇಳುತ್ತೇನೆ. ಕೋಥ್ರೂಡಿನಲ್ಲಿ ನಮ್ಮ ಧಾರವಾಡದವರೇ ಒಬ್ಬ ದಂತವೈದ್ಯರಿದ್ದಾರೆ. ಅವರು ಫೋನ್ ಮಾಡಿ, "ಅಣ್ಣಾ, ಬಾಂದ್ರಾದಲ್ಲಿ ಒಂದು ಎಂಜಿಬಿ ಇದೆ. 1965ರದ್ದು, ಕೆಂಪು ಬಣ್ಣ, ಟಾಪ್ ತೆಗೆಯೋ ಮಾಡೆಲ್. 32 ಲಕ್ಷ ಹೇಳ್ತಿದ್ದಾರೆ. ನೀವು ಹೂಂ ಅಂದ್ರೆ ಮಾತ್ರ ತಗೋತೀನಿ" ಅಂದರು. ಎಂಜಿಬಿ ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು. ಮಾರುವವರು ಉಡುಪಿ ಕಡೆಯವರು. ಅವರ ತಂದೆ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, 80ರ ದಶಕದಲ್ಲಿ ವಾಪಸ್ ಬರುವಾಗ ಕಾರನ್ನೂ ಜೊತೆಗೆ ತಂದಿದ್ದರು.

ಹೊರಡುವ ಮುಂಚೆಯೇ ನಾನು ಎರಡು ಫೋಟೋ ತರಿಸಿಕೊಂಡೆ. ಒಂದು ಚಾಸಿ ಪ್ಲೇಟಿನದು, ಇನ್ನೊಂದು ಎಂಜಿನ್ ಬ್ಲಾಕಿನ ಮೇಲಿನ ನಂಬರಿನದು. ಎಂಜಿಬಿಯಲ್ಲಿ ಈ ನಂಬರುಗಳೇ ಅರ್ಧ ಜಾತಕ ಹೇಳುತ್ತವೆ. ಚಾಸಿ ನಂಬರು ಜಿಎಚ್‌ಎನ್3 ಅಂತ ಶುರುವಾದರೆ ಅದು ಮೊದಲ ಪೀಳಿಗೆಯ ಎರಡು ಸೀಟಿನ ಓಪನ್ ಕಾರು. ಅದರ ಪಕ್ಕದಲ್ಲಿ ಎಲ್ ಅಕ್ಷರ ಇದ್ದರೆ ಕಾರ್ಖಾನೆಯಿಂದ ಹೊರಬಿದ್ದಾಗ ಸ್ಟಿಯರಿಂಗ್ ಎಡಗಡೆ ಇತ್ತು ಅಂತ ಲೆಕ್ಕ. ಈಗ ಬಲಗಡೆ ಇದ್ದರೆ ಯಾರೋ ಆಮೇಲೆ ಬದಲಾಯಿಸಿದ್ದಾರೆ. ಇಲ್ಲಿ ಎಲ್ ಇರಲಿಲ್ಲ, ಒಳ್ಳೆಯದಾಯಿತು. ಆದರೆ ಎಂಜಿನ್ ನಂಬರು 18ವಿ ಅಂತ ಶುರುವಾಗಿತ್ತು. 1965ರ ಕಾರಿಗೆ 18ಜಿಬಿ ಇರಬೇಕು. 18ವಿ ಬಂದಿದ್ದೇ 70ರ ದಶಕದಲ್ಲಿ. ಅಂದರೆ ಎಂಜಿನ್ ಯಾವಾಗಲೋ ಬದಲಾಗಿದೆ. ಆರ್‌ಸಿಯಲ್ಲಿ ಇದ್ದದ್ದೂ ಇದೇ 18ವಿ ನಂಬರು, ಹಾಗಾಗಿ ಕಾನೂನಿನ ತೊಂದರೆ ಇಲ್ಲ. ಇಂಗ್ಲೆಂಡಿನಲ್ಲೇ ಬದಲಾಗಿ ಬಂದಿದೆ ಅಂತ ಅಂದುಕೊಂಡೆ. ಓಡಿಸುವವರಿಗೆ ಇದು ಚಿಂತೆಯ ವಿಷಯವೇ ಅಲ್ಲ. "ಎಲ್ಲಾ ಒರಿಜಿನಲ್" ಅಂತ ಹೇಳಿ ಬೆಲೆ ಏರಿಸಿದ್ದರೆ ಮಾತ್ರ ಅದನ್ನು ಇಳಿಸಬೇಕಾಗುತ್ತದೆ. ಈ ಮಾಡೆಲಿಗೆ ಬ್ರಿಟಿಷ್ ಮೋಟರ್ ಮ್ಯೂಸಿಯಂ ಹಳೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಕಾರು ಯಾವತ್ತು ತಯಾರಾಯಿತು, ಮೊದಲು ಯಾವ ಬಣ್ಣ ಇತ್ತು, ಯಾವ ಎಂಜಿನ್ ಇತ್ತು, ಎಲ್ಲಾ ಅದರಲ್ಲಿ ಬರುತ್ತದೆ. ಒರಿಜಿನಲ್ ಅನ್ನೋ ಮಾತಿಗೆ ದುಡ್ಡು ಕೇಳುವವರ ಹತ್ತಿರ ಈ ಕಾಗದ ಇರಲೇಬೇಕು.

ಇನ್ನೊಂದು ಮಾತು ಎಲ್ಲ ಮಾರುವವರೂ ಹೇಳುತ್ತಾರೆ. "ಇಂಥದ್ದು ಮುಂಬೈಯಲ್ಲಿ ಬೇರೆ ಸಿಗಲ್ಲ." ಅದು ನಿಜವೂ ಇರಬಹುದು. ಆದರೆ ಎಂಜಿಬಿ ಜಗತ್ತಿನಲ್ಲಿ ಅಪರೂಪದ ಕಾರಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 5 ಲಕ್ಷಕ್ಕೂ ಜಾಸ್ತಿ ತಯಾರಾದವು. ಅಲ್ಲಿ ಓಡುವ ಸ್ಥಿತಿಯ ಒಂದು ಒಳ್ಳೆಯ ಕಾರು 10–15 ಸಾವಿರ ಪೌಂಡಿಗೆ ಸಿಗುತ್ತದೆ. ಇಲ್ಲಿ ಅದಕ್ಕಿಂತ ಜಾಸ್ತಿ ಯಾಕೆ ಅಂದರೆ, ಡ್ಯೂಟಿ ಕಟ್ಟಿ, ನಂಬರು ಹಾಕಿಸಿಕೊಂಡು, ರಸ್ತೆಗೆ ಇಳಿದು ನಿಂತಿರುವ ಕಾರು ಇಲ್ಲಿ ಕಡಿಮೆ. ನಾವು ಕೊಡುವ ಹೆಚ್ಚಿನ ದುಡ್ಡು ಆ ಕಾಗದಗಳಿಗೆ. ಕಾಗದ ಸರಿ ಇಲ್ಲದಿದ್ದರೆ ಆ ಹೆಚ್ಚಿನ ದುಡ್ಡು ಯಾಕೆ ಕೊಡಬೇಕು ಹೇಳಿ?

ಬಾಂದ್ರಾಕ್ಕೆ ಹೋಗುವ ಮುಂಚೆ ಮಾರುವವರಿಗೆ ಒಂದೇ ಒಂದು ವಿನಂತಿ ಮಾಡಿದ್ದೆ. ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ. ಮೊದಲೇ ಬಿಸಿಯಾದ ಎಂಜಿನ್ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡುತ್ತದೆ. ಹೋದ ಕೂಡಲೇ ರೇಡಿಯೇಟರ್ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಮಾತಿಗೆ ನಿಲ್ಲುವ ಮನುಷ್ಯ ಅಂತ ಅಲ್ಲೇ ಗೊತ್ತಾಯಿತು.

ಆಮೇಲೆ ತಗಡಿನ ಕೆಲಸ. ಎಂಜಿಬಿಗೆ ಬೇರೆ ಚಾಸಿ ಫ್ರೇಮ್ ಇಲ್ಲ, ಬಾಡಿಯೇ ಚಾಸಿ. ಮೇಲೆ ಗಟ್ಟಿ ಛಾವಣಿಯೂ ಇಲ್ಲದ ಕಾರಿನಲ್ಲಿ ಮುಂಭಾಗ ಹಿಂಭಾಗ ಎರಡನ್ನೂ ಹಿಡಿದು ನಿಲ್ಲಿಸೋದು ಬಾಗಿಲ ಕೆಳಗೆ ಎರಡೂ ಪಕ್ಕದಲ್ಲಿ ಉದ್ದಕ್ಕೆ ಓಡುವ ಸಿಲ್. ಹೊರಗೆ ಕಾಣುವ ತಗಡು ಒಂದು ಪದರ. ಅದರ ಒಳಗೆ ನಿಂತ ತಗಡು ಇನ್ನೊಂದು. ಅಡಿಯಲ್ಲಿ ಕ್ಯಾಸಲ್ ರೇಲ್ ಅನ್ನೋ ಪಟ್ಟಿ. ಮೂರೂ ಸೇರಿ ಒಂದು ಪೆಟ್ಟಿಗೆ ಆಗುತ್ತದೆ. ಸಮುದ್ರದ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಚಕ್ರ ಎರಚುವ ಕೆಸರು, ಎಲ್ಲಾ ಬಂದು ಕೂರೋದು ಈ ಪೆಟ್ಟಿಗೆಯಲ್ಲೇ. ತುಕ್ಕು ಒಳಗಿಂದ ತಿನ್ನುತ್ತಾ ಬರುತ್ತದೆ. ಹೊರಗಿನ ಪೇಂಟ್ ಮಾತ್ರ ಫಳಫಳ ಅಂತಿರುತ್ತದೆ.

ಮೊದಲು ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಬಾಗಿಲ ಕೆಳಗೆ ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಎಳೆದೆ. ಬಲಗಡೆ ಉದ್ದಕ್ಕೂ ಗಟ್ಟಿಯಾಗಿ ಕಚ್ಚಿಕೊಂಡಿತು. ಎಡಗಡೆ ಮುಂದಿನ ಮಡ್‌ಗಾರ್ಡ್ ದಾಟಿದ ಕೂಡಲೇ ಹಿಡಿತ ಬಿಟ್ಟಿತು. ಒಂದು ಗೇಣಿನಷ್ಟು ಜಾಗದಲ್ಲಿ ನಿಲ್ಲಲೇ ಇಲ್ಲ, ಜಾರಿ ನನ್ನ ಅಂಗೈಗೆ ಬಿತ್ತು. ಪೇಂಟ್ ಕೆಳಗೆ ದಪ್ಪ ಪುಟ್ಟಿ ಇದೆ ಅಂತ ಅರ್ಥ. ಬಲಗಡೆ ಮಡ್‌ಗಾರ್ಡ್ ಮತ್ತು ಸಿಲ್ ಸೇರುವ ಜಾಗದಲ್ಲಿ ಜೋಡಣೆಯ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಡಗಡೆ ಆ ಗೆರೆಯೇ ಇಲ್ಲ. ಕೊಳೆತ ಸಿಲ್ ಕಿತ್ತು ಹಾಕದೆ, ಅದರ ಮೇಲೇ ಹೊಸ ತಗಡು ಮುಚ್ಚಿ, ಪುಟ್ಟಿ ತುಂಬಿ, ಪೇಂಟ್ ಹೊಡೆದಿದ್ದಾರೆ. ತಗಡಿನ ಕೆಲಸದವನಾಗಿ ಹೇಳುತ್ತೇನೆ, ಇಂಥ ಕೆಲಸ ನೋಡಿದರೆ ನನಗೆ ಸಂಕಟವಾಗುತ್ತದೆ. ಕಾರಿನ ಬೆನ್ನುಮೂಳೆಗೆ ಮಾಡುವ ಮೋಸ ಇದು.

ಖಾತ್ರಿ ಮಾಡಿಕೊಳ್ಳೋಕೆ ಜಾಕ್ ಬೇಕು. ಮಾಲೀಕರ ಒಪ್ಪಿಗೆ ಕೇಳಿ, ಕಂಪನಿಯವರೇ ಕೊಟ್ಟ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ನಿಧಾನ ಎತ್ತಿದೆ. ಬಾಗಿಲು ಮುಚ್ಚೇ ಇತ್ತು. ನಮ್ಮ ಡಾಕ್ಟರಿಗೆ ಬಾಗಿಲಿನ ಹಿಂದಿನ ಅಂಚಿನ ಸಂದಿ ನೋಡ್ತಾ ಇರಿ ಅಂದೆ. ಬಲಗಡೆ ಎತ್ತಿದಾಗ ಸಂದಿ ಇದ್ದ ಹಾಗೇ ಇತ್ತು. ಎಡಗಡೆ ಚಕ್ರ ನೆಲ ಬಿಡೋ ಮುಂಚೆಯೇ ಮೇಲ್ತುದಿಯ ಸಂದಿ ಅಗಲ ಆಗೋಕೆ ಶುರುವಾಯಿತು. ಕೆಳಗೆ ಜಾಕಿನ ತಲೆಯ ಸುತ್ತ ಕಂದು ಬಣ್ಣದ ಹಕ್ಕಳೆ ಉದುರಿತು. ತಕ್ಷಣ ಇಳಿಸಿಬಿಟ್ಟೆ. "ಅಣ್ಣಾ, ಕಾರು ಮುರೀತಾ?" ಅಂತ ಡಾಕ್ಟರು ಗಾಬರಿಯಾದರು. ಮುರಿದಿರಲಿಲ್ಲ. ಆದರೆ ಎಡಗಡೆಯ ಪೆಟ್ಟಿಗೆಯಲ್ಲಿ ಬಲ ಉಳಿದಿಲ್ಲ ಅನ್ನೋದು ಕಣ್ಣಿಗೇ ಕಂಡಿತು.

ಇದನ್ನು ಸರಿ ಮಾಡಬಹುದು. ಮೂರೂ ಪದರದ ತಗಡು ಇಂಗ್ಲೆಂಡಿನಿಂದ ಹೊಸದಾಗಿಯೇ ಸಿಗುತ್ತದೆ. ಎಂಜಿಬಿಯ ಪೂರ್ತಿ ಬಾಡಿಯನ್ನೇ 1988ರಿಂದ ಮತ್ತೆ ತಯಾರಿಸುತ್ತಿದ್ದಾರೆ ಅಂದಮೇಲೆ ಬಿಡಿ ತಗಡಿಗೆ ಬರವಿಲ್ಲ. ಕೆಲಸ ಮಾತ್ರ ತಾಳ್ಮೆಯದು. ಹಳೆಯ ಸಿಲ್ ಕತ್ತರಿಸೋ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡಬೇಕು. ಇಲ್ಲದಿದ್ದರೆ ಬಾಡಿ ನಡುವೆ ಕುಗ್ಗಿ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರಲ್ಲ. ತಗಡು, ಅದರ ಡ್ಯೂಟಿ, ಕೂಲಿ, ಆ ಪಕ್ಕದ ಪೂರ್ತಿ ಪೇಂಟ್ ಸೇರಿಸಿ ನನ್ನ ಲೆಕ್ಕಕ್ಕೆ ನಾಲ್ಕೂವರೆ ಲಕ್ಷ ಬಂತು. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಯ ತಳವೂ ತೂತಾಗಿತ್ತು, ಅದು ಚಿಲ್ಲರೆ ಕೆಲಸ.

ಎಂಜಿನ್ ನೋಡೋಕೆ ಕಾರ್ಕಳ ಕಡೆಯ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಮುಂಬೈಯಲ್ಲಿ ಆಯುಷ್ಯವಿಡೀ ಅಂಬಾಸಿಡರ್ ರಿಪೇರಿ ಮಾಡಿದವರು. ಅಂಬಾಸಿಡರಿನ 1489 ಸಿಸಿ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್, ಎರಡೂ ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಶನ್) ಒಂದೇ ಬಿ ಸೀರೀಸ್ ಮನೆತನ. ಹಾಗಾಗಿ ನಮ್ಮ ಊರುಗಳಲ್ಲಿ ಇದರ ಸ್ವಭಾವ ಗೊತ್ತಿರುವ ಕೈಗಳು ಇನ್ನೂ ಇವೆ. ಈ ಕಾರಿನ ದೊಡ್ಡ ಅನುಕೂಲ ಇದು. ಸ್ಟಾರ್ಟ್ ಆದಾಗ ವಾಲ್ವ್ ಎತ್ತುವ ಟ್ಯಾಪೆಟ್ ಟಕಟಕ ಅಂದಿತು. ಡಾಕ್ಟರ ಮುಖ ಸಪ್ಪಗಾಯಿತು. ಮಿಸ್ತ್ರಿ ಮಾತ್ರ, "ಅದು ಇರ್ಲಿ ಬಿಡಿ, ಆಯಿಲ್ ಪ್ರೆಶರ್ ನೋಡ್ವ" ಅಂತ ಹೇಳಿ ಗಾಡಿ ಚೆನ್ನಾಗಿ ಬಿಸಿ ಆಗೋವರೆಗೆ ಕಾದರು. ಪ್ರೆಶರ್ ಎಂಜಿನ್ ಓಡುವಾಗ 55 ಪಿಎಸ್‌ಐ ಹತ್ತಿರ, ಐಡ್ಲಿಂಗ್‌ನಲ್ಲಿ 20. ಇಷ್ಟಿದ್ದರೆ ಸಾಕು. ಎಂಜಿನ್ ರಿಪೇರಿಗೆ ಅಂತ ಒಂದು ಪೈಸೆಯೂ ಕಳೆಯಲಿಲ್ಲ.

ಓಡಿಸಿ ನೋಡಿದಾಗ ಎರಡನೇ ಗೇರ್ ಸ್ವಲ್ಪ ಕರಕರ ಅಂದಿತು. ಮೊದಲ ಗೇರಿಗೆ ಸಿಂಕ್ರೊ (ಗೇರ್ ಕರಕರ ಅನ್ನದೆ ಬೀಳುವ ವ್ಯವಸ್ಥೆ) ಇಲ್ಲದಿರೋದು ಆ ಕಾಲದ ಎಂಜಿಬಿಯ ರೂಢಿ, ಅದನ್ನು ದೋಷ ಅನ್ನಬಾರದು. ಬ್ರೇಕ್ ಒತ್ತಿ ಬಿಟ್ಟಾಗ ಹಿಂದಿನ ವೈರ್ ವೀಲಿನಿಂದ, ಅಂದರೆ ಸೈಕಲ್ಲಿನ ಹಾಗೆ ಕಡ್ಡಿ ಇರುವ ಚಕ್ರದಿಂದ, ಟಕ್ ಅಂತ ಸದ್ದು ಬಂತು. ಚಕ್ರ ಕೂರುವ ಹಬ್‌ನ ಹಲ್ಲು ಸವೆದಿದೆ. ಪೆಟ್ರೋಲ್ ಪೈಪುಗಳು ಹಳೆಯ ರಬ್ಬರಿನವು. ಈಗ ಬಂಕಿನಲ್ಲಿ ಸಿಗೋದು ಎಥನಾಲ್ ಬೆರೆಸಿದ ಇ20. ಅದಕ್ಕೆ ಈ ರಬ್ಬರ್ ತಾಳಲ್ಲ, ಎಲ್ಲಾ ಬದಲಾಯಿಸಲೇಬೇಕು. ಇವೆಲ್ಲ ಸೇರಿ ಒಂದೂವರೆ ಲಕ್ಷ.

ಕಾಗದ ನೋಡೋಕೆ ಕೂತಾಗ ನಿಜವಾದ ತೊಡಕು ಎದುರಾಯಿತು. ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ), ಡ್ಯೂಟಿ ಕಟ್ಟಿದ ರಸೀದಿ ಎರಡೂ ಜೋಪಾನವಾಗಿದ್ದವು. ಇದು ದೊಡ್ಡ ಸಮಾಧಾನ. ವಾಪಸ್ ಒಯ್ಯುವ ಷರತ್ತಿನ ಕಾರ್ನೆ ಕಾಗದದ ಮೇಲೆ ತಾತ್ಕಾಲಿಕವಾಗಿ ಒಳಗೆ ಬಂದು, ಡ್ಯೂಟಿ ಕಟ್ಟದೆ ಇಲ್ಲೇ ಉಳಿದುಹೋದ ಕಾರುಗಳೂ ಇವೆ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಇಲ್ಲಿನ ಸಮಸ್ಯೆ ಬೇರೆ. ಆರ್‌ಸಿ ಹಳೆಯ ಪುಸ್ತಕದ ರೂಪದಲ್ಲಿತ್ತು, ಸರ್ಕಾರದ ವಾಹನ ನೋಂದಣಿಯ ವಾಹನ್ ಪೋರ್ಟಲ್ಲಿನಲ್ಲಿ ನಂಬರೇ ಬರುತ್ತಿರಲಿಲ್ಲ. ಮೇಲಾಗಿ ಮಾಲೀಕರ ಹೆಸರು ತೀರಿಹೋದ ತಂದೆಯದ್ದು. ಮೊದಲು ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆಯನ್ನು ಪೋರ್ಟಲ್ಲಿಗೆ ಏರಿಸೋದು, ಆಗಬೇಕು. ಆಮೇಲೆ ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಅಕ್ಕ ತಂಗಿಯರ ಒಪ್ಪಿಗೆಯೂ ಬೇಕು. ಅದಾದ ಮೇಲೆ ಫಾರ್ಮ್ 29, 30 ತುಂಬಿ ನಮ್ಮ ಡಾಕ್ಟರ ಹೆಸರಿಗೆ.

"ವಿಂಟೇಜ್ ನಂಬರು ಮಾಡಿಸಿಕೊಂಡ್ರೆ ಸುಲಭ ಅಲ್ವಾ?" ಅಂತ ಡಾಕ್ಟರು ಕೇಳಿದರು. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ಅನ್ನೋ ಅಕ್ಷರದ ಬೇರೆ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ ಫೀ, 10 ವರ್ಷದ ಅವಧಿ. ಆದರೆ ಆ ನಂಬರಿನ ಕಾರನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಡಾಕ್ಟರಿಗೆ ಬೇಕಾಗಿದ್ದು ವಾರ ವಾರ ಲೋಣಾವಳಾ ಕಡೆ ಒಂದು ಸುತ್ತು. ಅದಕ್ಕೆ ಮಾಮೂಲಿ ನೋಂದಣಿಯನ್ನೇ ಉಳಿಸಿಕೊಂಡು, ಐದು ವರ್ಷಕ್ಕೊಮ್ಮೆ ನವೀಕರಿಸೋದೇ ಸರಿ ಅಂದೆ.

ಈಗ ಬೆಲೆ. ಕೇಳುವ ಬೆಲೆಗಳನ್ನು ನಾನು ಲೆಕ್ಕಕ್ಕೇ ತಗೊಳ್ಳಲ್ಲ. ನಿಜವಾಗಿ ಕೈ ಬದಲಾದ ದುಡ್ಡು ಎಷ್ಟು ಅಂತ ಕಾರು ಕೊಂಡವರ ಹತ್ತಿರವೇ ವಿಚಾರಿಸುತ್ತೇನೆ. ನನಗೆ ಸಿಕ್ಕ ಮಾಹಿತಿ ಪ್ರಕಾರ ತಗಡು, ಕಾಗದ, ಎಂಜಿನ್ ಮೂರೂ ಸರಿ ಇರುವ ಇಂಥ ಕಾರಿಗೆ 28 ಲಕ್ಷ ಕೊಡಬಹುದಿತ್ತು. ಅದರಲ್ಲಿ ಸಿಲ್‌ಗೆ ನಾಲ್ಕೂವರೆ, ಚಕ್ರ ಪೈಪು ಇತ್ಯಾದಿಗೆ ಒಂದೂವರೆ, ಒರಿಜಿನಲ್ ಎಂಜಿನ್ ಇಲ್ಲದ್ದಕ್ಕೆ ಎರಡು ಕಳೆದೆ. 20 ಉಳಿಯಿತು. ಅದಕ್ಕೆ ಅರ್ಧ ಲಕ್ಷ ಸೇರಿಸಿದೆ. ಯಾಕೆ ಅಂದರೆ ಅವರ ತಂದೆ ಪ್ರತಿ ಸರ್ವಿಸಿನ ಬಿಲ್ಲನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದರು. ಮುಂದಿನ ಚಕ್ರದ ಕಿಂಗ್‌ಪಿನ್‌ಗೆ ಗ್ರೀಸ್ ಹೊಡೆಸಿದ ತಾರೀಖು ಸಹ ಅವರದೇ ಕೈಬರಹದಲ್ಲಿತ್ತು. ಹಾಗೆ ನೋಡಿಕೊಂಡ ಕಾರಿಗೆ ಜಾಸ್ತಿ ಕೊಡೋಕೆ ನನಗೆ ಖುಷಿ.

ಮಾಲೀಕರ ಮುಂದೆ ಲೆಕ್ಕದ ಚೀಟಿಯನ್ನೇ ಇಟ್ಟೆ. ಎಡಗಡೆಯ ಸಿಲ್ ತೋರಿಸಿದೆ. ಅವರು ಬಗ್ಗಿ ನೋಡಿ, ಬೆರಳಿನಿಂದ ಒತ್ತಿ, "ಅಪ್ಪ ಹೋದ ಮೇಲೆ ಒಂದು ಕಡೆ ಪೇಂಟ್ ಮಾಡಿಸಿದ್ದೆ. ಒಳಗೆ ಹೀಗೆ ಮಾಡಿದ್ದಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಮಾರಾಯ್ರೆ" ಅಂದರು. ಅವರ ಮಾತು ನಂಬಿದೆ. 26 ಅಂದರು, ನಾವು ಇಪ್ಪತ್ತೂವರೆ ಅಂದೆವು. ಕೊನೆಗೆ 22ಕ್ಕೆ ಒಪ್ಪಂದವಾಯಿತು. ನನ್ನ ಲೆಕ್ಕಕ್ಕಿಂತ ಒಂದೂವರೆ ಲಕ್ಷ ಜಾಸ್ತಿ. ಬಲಗಡೆಯ ತಗಡು ಅಷ್ಟು ಗಟ್ಟಿಯಾಗಿದ್ದರಿಂದ ಡಾಕ್ಟರಿಗೆ ಹೂಂ ಅಂದೆ.

ದುಡ್ಡನ್ನು ಮಾತ್ರ ಒಂದೇ ಸಲ ಕೊಡಿಸಲಿಲ್ಲ. 2 ಲಕ್ಷ ಟೋಕನ್, ಸ್ಟಾಂಪ್ ಪೇಪರ್ ಮೇಲೆ ಕರಾರು. ಬ್ಯಾಕ್‌ಲಾಗ್ ಎಂಟ್ರಿ ಆಗಿ, ಮಗನ ಹೆಸರಿಗೆ ಆರ್‌ಸಿ ಬಂದ ದಿನ 10 ಲಕ್ಷ. ಡಾಕ್ಟರ ಹೆಸರು ಪೋರ್ಟಲ್ಲಿನಲ್ಲಿ ಕಂಡ ದಿನ ಉಳಿದದ್ದು. ಅಲ್ಲಿಯವರೆಗೆ ಕಾರು ಬಾಂದ್ರಾದಲ್ಲೇ ಇರಬೇಕು, ಯಾರೂ ಜಾಕ್ ಹಾಕಬಾರದು ಅಂತ ಕರಾರಿನಲ್ಲೇ ಬರೆಸಿದೆವು. ಸಿಲ್ ತಗಡಿಗೆ ನಾನು ಆಗಲೇ ಆರ್ಡರ್ ಹಾಕಿದ್ದೇನೆ.