ಗೊಂಡ್ ಜಿಂಕೆಯ ಮೈ ತುಂಬುವುದು ಹೇಗೆ

ಗೊಂಡ್ ಬುಡಕಟ್ಟಿನವರ ಚಿತ್ರಕಲೆ ಕಲಿಯಲು ಬರುವವರಿಗೆ ನಾನು ಮೊದಲು ಜಿಂಕೆಯನ್ನೇ ಕೊಡುತ್ತೇನೆ. ಕೊಂಬು ಬೆಳೆದು ಮರವಾದ ಜಿಂಕೆ. ಪ್ರಾಣಿ, ಮರ ಎರಡೂ ಒಂದೇ ಹಾಳೆಯಲ್ಲಿ ಮುಗಿಯುತ್ತದೆ.

ದಪ್ಪ ಡ್ರಾಯಿಂಗ್ ಹಾಳೆ, ಅಕ್ರಿಲಿಕ್ ಬಣ್ಣ, ಬ್ರಷ್, ಸಣ್ಣ ಮೊನೆಯ ಕಪ್ಪು ಪೆನ್ನು ಇದ್ದರೆ ಸಾಕು. ಅಂಗಡಿ ಬಣ್ಣ ಅಂತ ಹಿಂಜರಿಯಬೇಡಿ. ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಪಾಟನ್‌ಗಢದಲ್ಲಿ ಗೊಂಡರಲ್ಲೇ ಒಂದು ಪಂಗಡವಾದ ಪರ್ಧಾನರು ಮನೆಗೋಡೆಗೆ ಬಳಸುತ್ತಿದ್ದದ್ದು ಮಣ್ಣಿನ ಬಣ್ಣ, ನಿಜ. ಆದರೆ ಅದೇ ಊರಿನ ಜನ್‌ಗಢ್ ಸಿಂಗ್ ಶ್ಯಾಮ್ 1980ರ ದಶಕದಲ್ಲಿ ಭೋಪಾಲದ ಕಲಾಕೇಂದ್ರ ಭಾರತ್ ಭವನ ಸೇರಿ ಕಾಗದ, ಕ್ಯಾನ್ವಾಸ್ ಹಿಡಿದರು. ಅವರ ಹಿಂದೆ ಊರಿನ ಎಷ್ಟೋ ಜನ ಬಂದರು.

ಪಕ್ಕದಿಂದ ಕಾಣುವ ಜಿಂಕೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ನೆರಳು ಬೆಳಕು ಬೇಡ. ಮೈಗೆಲ್ಲ ಒಂದೇ ಬಣ್ಣ, ಎರಡು ಸಲ. ಹಿನ್ನೆಲೆ ಖಾಲಿ ಬಿಡಿ. ಪೂರ್ತಿ ಒಣಗಲಿ. ಹಸಿ ಬಣ್ಣಕ್ಕೆ ಪೆನ್ನು ತಾಗಿದರೆ ಮೊನೆ ಕಟ್ಟಿಕೊಳ್ಳುತ್ತದೆ.

ಇನ್ನು ಗೆರೆ. ಚಿತ್ರದ ಜೀವ ಇರುವುದು ಇಲ್ಲಿ. ಸುಮ್ನೆ ಅಡ್ಡಡ್ಡ ಎಳೆದರೆ ಜಿಂಕೆಗೆ ಪಟ್ಟೆ ಅಂಗಿ ತೊಡಿಸಿದ ಹಾಗಿರುತ್ತದೆ. ಹಸುವಿನ ಮೈ ಸವರಿದ್ದೀರಲ್ಲ? ಕೂದಲು ಮಲಗುವ ಕಡೆಗೇ ಗೆರೆಯೂ ಹೋಗಲಿ. ಕುತ್ತಿಗೆಯಿಂದ ಭುಜಕ್ಕೆ ಇಳಿದು, ಹೊಟ್ಟೆಯ ಹತ್ತಿರ ಬಾಗಿ, ತೊಡೆಯ ಮೇಲೆ ಸುತ್ತಿಕೊಳ್ಳಬೇಕು. ಮೊದಲು ಜೋಡಿ ಗೆರೆಯಿಂದ ಮೈಯನ್ನು ಭಾಗ ಮಾಡಿ. ಆಮೇಲೆ ಒಳಗೆ ತುಂಬಿ. ಗೆರೆ ಗೆರೆಯ ನಡುವೆ ಅಕ್ಕಿಕಾಳಿನ ಅಗಲಕ್ಕಿಂತ ಕಡಿಮೆ ಜಾಗ ಇರಲಿ.

ಏನು ತುಂಬುವುದು? ಜನ್‌ಗಢ್ ಅವರದು ಚುಕ್ಕೆಗಳ ಸಾಲು. 2018ರಲ್ಲಿ ಪದ್ಮಶ್ರೀ ಪಡೆದ ಭಜ್ಜು ಶ್ಯಾಮ್, 2022ರಲ್ಲಿ ಪಡೆದ ದುರ್ಗಾಬಾಯಿ ವ್ಯಾಮ್, ಇಬ್ಬರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ತುಂಬುವ ಗೆರೆಯೇ ಕಲಾವಿದರ ಗುರುತು, ಸಹಿ ಇದ್ದ ಹಾಗೆ. ಇನ್ನೊಬ್ಬರ ಸಹಿ ಹಾಕೋದು ಸರಿಯಲ್ಲ, ಅಲ್ವಾ? ನಿಮ್ಮದೇ ಒಂದು ಹುಡುಕಿ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮಲ್ಲಿಗೆ ಮೊಗ್ಗು ಆರಿಸಿಕೊಂಡಳು. ಚಿಕ್ಕ ಗೆರೆ, ತುದಿಗೊಂದು ಚುಕ್ಕೆ, ಅಷ್ಟೇ. ಜಿಂಕೆಗೆ ಚೆನ್ನಾಗಿ ಒಪ್ಪಿತು. ಮಾರುವ ಆಸೆ ಇದ್ದರೆ ಮಾತ್ರ ಗೊಂಡ್ ಚಿತ್ರ ಅಂತ ಚೀಟಿ ಅಂಟಿಸಬೇಡಿ. ಆ ಹೆಸರಲ್ಲಿ ದುಡಿಯುವ ಹಕ್ಕು ಗೊಂಡ್ ಕಲಾವಿದರದು.

ಬಲಗೈಯವರು ಎಡದಿಂದ ತುಂಬುತ್ತಾ ಬನ್ನಿ, ಅಂಗೈ ಕೆಳಗೆ ಬಿಳಿ ಕಾಗದ ಇರಲಿ. ಕೊಂಬಿನ ಎಲೆಗಳನ್ನು ಕೊನೆಗೆ ಉಳಿಸಿಕೊಳ್ಳಿ. ಅವಕ್ಕೆ ನಡುವೆ ಒಂದು ನರ ಎಳೆದರೆ ಸಾಕು, ಮೈಯಷ್ಟು ಕುಸುರಿ ಬೇಡ.