ಒಲೆ ಹಚ್ಚದ ಹಬ್ಬ

ನಮ್ಮ ತುಮಕೂರಿನ ಕಡೆ ಒಲೆ ಹಚ್ಚದೆ ಇರುವುದು ಸಾವಾದ ಮನೆಯಲ್ಲಿ. 1994ರಲ್ಲಿ ಸಿಂಧಿ ಮನೆಗೆ ಮದುವೆಯಾಗಿ ಮುಂಬಯಿ ಹತ್ತಿರದ ಉಲ್ಹಾಸನಗರಕ್ಕೆ ಬಂದ ಮೊದಲ ಶ್ರಾವಣದಲ್ಲಿ ಅತ್ತೆ, "ನಾಳೆ ಹಬ್ಬ, ಯಾರೂ ಗ್ಯಾಸ್ ಹಚ್ಚಬೇಡಿ" ಎಂದಾಗ ನನ್ನ ಎದೆ ಧಸಕ್ಕೆಂದಿತು. ಫೋನಿನಲ್ಲಿ ನಮ್ಮಮ್ಮನಿಗೆ ಹೇಳಿದೆ. "ಹಬ್ಬದ ದಿನ ತಂಗಳು ತಿನ್ನೋದಾ? ಅದೆಂಥಾ ಹಬ್ಬವೇ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಹಬ್ಬದ ಹೆಸರು ಥಧ್ರಿ. ಸಿಂಧಿಯಲ್ಲಿ ಥಧೊ ಅಂದರೆ ತಣ್ಣನೆಯದು. ರಾಖಿ ಹುಣ್ಣಿಮೆ ಕಳೆದು ಏಳನೇ ದಿನಕ್ಕೆ, ಗೋಕುಲಾಷ್ಟಮಿಯ ಹಿಂದಿನ ದಿನ ಬರುತ್ತದೆ. ಆ ದಿನದ ಅಡುಗೆಯೆಲ್ಲ ಹಿಂದಿನ ದಿನವೇ ಆಗಬೇಕು. ಹಾಗಾಗಿ ನಿಜವಾದ ಗಡಿಬಿಡಿ ಹಬ್ಬದ ಮುನ್ನಾದಿನದ್ದೇ. ಲೋಲೊ ಎಂಬ ದಪ್ಪನೆಯ ಸಿಹಿ ರೊಟ್ಟಿ, ಈರುಳ್ಳಿ ಹಾಕಿದ ಕೋಕಿ ರೊಟ್ಟಿ, ಮಸಾಲೆ ತುಂಬಿ ಹುರಿದ ಹಾಗಲಕಾಯಿ, ಬೆಂಡೆಕಾಯಿ, ಆಲೂಗಡ್ಡೆ, ಮೊಸರು ವಡೆ. ಮಳೆಗಾಲದ ಹವೆಯಲ್ಲಿ ಒಂದು ರಾತ್ರಿ ಇಟ್ಟರೂ ಕೆಡಬಾರದು. ಅದಕ್ಕೇ ಲೋಲೊ, ಕೋಕಿಗೆ ನೀರು ಕಡಿಮೆ, ಕೊಬ್ಬು ಜಾಸ್ತಿ.

ನನ್ನ ಅತ್ತೆ ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಸಿಂಧ್‌ನ ಶಿಕಾರಪುರದಲ್ಲಿ. 1947ರಲ್ಲಿ ಅವರಿಗೆ ಒಂಬತ್ತು ವರ್ಷ. ಕರಾಚಿಯಿಂದ ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಕಲ್ಯಾಣದ ಹತ್ತಿರದ ಮಿಲಿಟರಿ ಬ್ಯಾರಕ್ ಸೇರಿದರು. ಆ ನಿರಾಶ್ರಿತರ ಶಿಬಿರವೇ 1949ರಲ್ಲಿ ಉಲ್ಹಾಸನಗರವಾಯಿತು. ಇಂದಿಗೂ ಇಲ್ಲಿ ವಿಳಾಸ ಕೇಳಿದರೆ ಕ್ಯಾಂಪ್ ಎರಡು, ಕ್ಯಾಂಪ್ ನಾಲ್ಕು ಎಂದೇ ಹೇಳುತ್ತಾರೆ. ನಾನು ಅತ್ತೆಯನ್ನು ಅಮ್ಮಾ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು "ಪುಟ" ಎನ್ನುತ್ತಿದ್ದರು. ಮಗು ಅನ್ನುವ ಅರ್ಥ. ನಮ್ಮ "ಪುಟ್ಟ"ನ ಹಾಗೇ ಕೇಳಿಸುತ್ತದೆ ಅಲ್ವಾ? ಗೊತ್ತಿಲ್ಲದ ಭಾಷೆಯ ಮನೆಯಲ್ಲಿ ಆ ಒಂದು ಪದ ಹಿಡಿದುಕೊಂಡು ನಾನು ಎಷ್ಟೋ ತಿಂಗಳು ಕಳೆದಿದ್ದೇನೆ.

ಮೊದಲ ವರ್ಷ ನನ್ನ ಲೋಲೊ ಕಲ್ಲಾಯಿತು. ಚಪಾತಿ ಹಿಟ್ಟಿನ ಹಾಗೆ ನೀರು ಹಾಕಿ ಚೆನ್ನಾಗಿ ನಾದಿದ್ದೆ. ಎರಡನೇ ವರ್ಷ ಉರಿ ಜಾಸ್ತಿಯಾಗಿ ಮೇಲೆ ಕಪ್ಪು, ಒಳಗೆ ಹಸಿ. ಮೂರನೇ ವರ್ಷ ಅಮ್ಮಾ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕಲಿಸಿದರು. ಈಗ ನಾನು ಮಾಡುವುದು ಹೀಗೆ.

ಎರಡು ಕಪ್ ಗೋಧಿ ಹಿಟ್ಟಿಗೆ ಮುಕ್ಕಾಲು ಕಪ್ ಸಕ್ಕರೆ, ಕಾಲು ಕಪ್ ನೀರು. ನೀರನ್ನು ಬೆಚ್ಚಗೆ ಮಾಡಿ ಸಕ್ಕರೆ ಕರಗಿಸಿದರೆ ಸಾಕು, ಎಳೆ ಪಾಕ ಬೇಡ. ಪೂರ್ತಿ ಆರಬೇಕು. ಹಿಟ್ಟಿಗೆ ಏಲಕ್ಕಿ ಪುಡಿ, ಸುಮಾರು ಮೂರನೇ ಒಂದು ಕಪ್ ತುಪ್ಪ ಹಾಕಿ ಎರಡೂ ಅಂಗೈಯಲ್ಲಿ ಉಜ್ಜಬೇಕು. ಎಲ್ಲಿಯವರೆಗೆ ಅಂದರೆ, ಒಂದು ಹಿಡಿ ಹಿಟ್ಟು ಒತ್ತಿದರೆ ಮುಷ್ಟಿಯ ಆಕಾರದಲ್ಲೇ ನಿಲ್ಲಬೇಕು, ಬೆರಳು ತಾಗಿದರೆ ಉದುರಬೇಕು. ನಿಲ್ಲದಿದ್ದರೆ ಇನ್ನೊಂದು ಚಮಚ ತುಪ್ಪ. ಆಮೇಲೆ ಸಕ್ಕರೆ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಹಿಟ್ಟನ್ನು ಕೂಡಿಸುವುದು. ನಾದಲೇಬಾರದು. ನಾದಿದಷ್ಟೂ ಗೋಧಿ ಹಿಟ್ಟಿಗೆ ಜಿಗುಟು ಬರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ನನ್ನ ಮೊದಲ ವರ್ಷದ ತಪ್ಪು ಅದೇ. ಉಂಡೆಯನ್ನು ಅರ್ಧ ಇಂಚು ದಪ್ಪಕ್ಕೆ ತಟ್ಟಿ, ಚಾಕುವಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ, ದಪ್ಪ ತವಾದ ಮೇಲೆ ತೀರಾ ಸಣ್ಣ ಉರಿಯಲ್ಲಿ ಬೇಯಿಸಬೇಕು. ಒಂದೊಂದು ಬದಿಗೂ ಆರೇಳು ನಿಮಿಷವಾದರೂ ಬೇಕು. ಬದಿಗೆ ತುಪ್ಪ ಬಿಡುತ್ತಿರಿ. ತಿರುವುವಾಗ ಒಡೆಯುತ್ತದೆ, ಅಗಲವಾದ ಮೊಗಚೆಕೈ ಇಟ್ಟುಕೊಳ್ಳಿ. ಬಿಸಿಯಿದ್ದಾಗ ಮೆತ್ತಗಿರುತ್ತದೆ, ಬೆಂದಿಲ್ಲ ಎಂದು ಹೆದರಬೇಡಿ. ಮಾರನೇ ದಿನ ತಣ್ಣಗಾದ ಮೇಲೇ ಅದರ ನಿಜವಾದ ರುಚಿ ಬರುವುದು. ಬಿಸಿ ಬಿಸಿ ತಿಂದವರು ಲೋಲೊ ತಿಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಭಾಷೆಯನ್ನೂ ನಾನು ಈ ಅಡುಗೆಮನೆಯಲ್ಲೇ ಕಲಿತೆ. ಅಟೋ ಎಂದರೆ ಹಿಟ್ಟು, ಲೂಣು ಉಪ್ಪು, ಗೀಹು ತುಪ್ಪ, ಖಂಡು ಸಕ್ಕರೆ. ಹಿಂದಿಯಲ್ಲಿ ಘರ್ ಆದದ್ದು ಸಿಂಧಿಯಲ್ಲಿ ಘರು, ಹಾಥ್ ಆದದ್ದು ಹಥು. ಹಳಬರ ಬಾಯಲ್ಲಿ ಪದಗಳು ಸ್ವರದಲ್ಲೇ ಮುಗಿಯುತ್ತವೆ. ಬಸ್ಸು, ಕಾರು ಎನ್ನುವ ನಮಗೆ ಇದು ಎಷ್ಟು ಸಲೀಸು! ಈ ಕೊನೆಯ "ಉ" ತುಂಬಾ ಮೆಲ್ಲಗೆ ಬರುತ್ತದೆ. ನನಗೆ ಅದು ಮೊದಲ ವಾರವೇ ಕೇಳಿಸಿತು.

ಕಷ್ಟವಾದದ್ದು ನಾಲ್ಕು ಅಕ್ಷರ. ಗ, ಜ, ಡ, ಬ, ಈ ನಾಲ್ಕಕ್ಕೂ ಸಿಂಧಿಯಲ್ಲಿ ಇನ್ನೊಂದು ಜೊತೆಯಿದೆ. ಉಸಿರನ್ನು ಹೊರಗೆ ಬಿಡದೆ ಗಂಟಲಿನೊಳಕ್ಕೆ ಎಳೆದುಕೊಂಡ ಹಾಗೆ ಹೇಳಬೇಕು. ನಾವು ಹೇಳುವ ಬ ಹಾಕಿ "ಬಾರು" ಎಂದರೆ ಹೊರೆ. ಒಳಕ್ಕೆ ಎಳೆದ ಬ ಹಾಕಿ ಹೇಳಿದರೆ ಮಗು. ನಾನು ಬಸುರಿಯಾಗಿದ್ದಾಗ ಪಕ್ಕದ ಮನೆಯವರ ಮುಂದೆ ಮಗುವಿನ ಬದಲು ಹೊರೆ ಎಂದುಬಿಟ್ಟೆ. ಅಮ್ಮಾ ಅಲ್ಲಿ ಏನೂ ಹೇಳಲಿಲ್ಲ. ಸಂಜೆ ಹತ್ತಿರ ಕೂರಿಸಿಕೊಂಡು, ನನ್ನ ಬೆರಳನ್ನು ತಮ್ಮ ಗಂಟಲಿನ ಮೇಲೆ ಇಟ್ಟು, ಆ ಪದವನ್ನು ನಿಧಾನವಾಗಿ ಮತ್ತೆ ಮತ್ತೆ ಹೇಳಿದರು. ಗಂಟಲು ಕೆಳಕ್ಕೆ ಇಳಿಯುವುದು ಬೆರಳಿಗೆ ತಿಳಿಯಿತು. ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಸಿಂಧಿ ಬರೆಯತೊಡಗಿದೆ. ಒಳಕ್ಕೆ ಎಳೆಯುವ ಅಕ್ಷರದ ಕೆಳಗೆ ಒಂದು ಗೆರೆ. ಸಿಂಧಿಯನ್ನು ನಾಗರಿ ಲಿಪಿಯಲ್ಲಿ ಬರೆಯುವವರು ಮಾಡುವುದೂ ಅದನ್ನೇ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅಮ್ಮಾ ಮಾತ್ರ ಬಲದಿಂದ ಎಡಕ್ಕೆ ಬರೆಯುವ 52 ಅಕ್ಷರಗಳ ಲಿಪಿಯವರು. ಅದನ್ನು ನಾನು ಕಲಿಯಲಿಲ್ಲ. ಅವರು ಬರೆದಿಟ್ಟ ಉಪ್ಪಿನಕಾಯಿಯ ಚೀಟಿಗಳು ಡಬ್ಬಿಯಲ್ಲಿವೆ, ಓದುವವರು ಮನೆಯಲ್ಲಿ ಯಾರೂ ಇಲ್ಲ. ಇದು ನನ್ನನ್ನು ತುಂಬಾ ಕಾಡುತ್ತದೆ.

ಥಧ್ರಿಯ ಬೆಳಿಗ್ಗೆ ತೊಳೆದ ಒಲೆಗೆ ಕುಂಕುಮ ಇಟ್ಟು, ಲೋಲೊ ಇಟ್ಟು, ತಣ್ಣೀರು ಚಿಮುಕಿಸುತ್ತೇವೆ. ಮಕ್ಕಳ ಮೇಲೂ ನಾಲ್ಕು ಹನಿ. ಆಗ ಹೇಳುವ ಮಾತು: "ಠಾರ್ ಮಾತಾ ಠಾರ್, ಪಂಹಿಂಜನ್ ಬಚಡನ್ ಖೆ ಠಾರ್." ತಣ್ಣಗಿಡು ತಾಯಿ, ನಿನ್ನ ಮಕ್ಕಳನ್ನು ತಣ್ಣಗಿಡು. ಸಿಡುಬಿನ ಕಾಲದ ಶೀತಲಾ ದೇವಿಗೆ ಮಾಡಿಕೊಳ್ಳುವ ಬೇಡಿಕೆ ಅದು.

ನನ್ನ ಮಗಳಿಗೆ ಎರಡು ವರ್ಷವಾಗಿದ್ದಾಗ ನಮ್ಮಮ್ಮ ಆ ದಿನ ಉಲ್ಹಾಸನಗರದಲ್ಲಿದ್ದರು. ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಅಮ್ಮಾ ಹೇಳಿದ್ದರ ಅರ್ಥ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟೆ ತಣ್ಣಗಿರಲಿ ಅಂತ ನಾವೂ ಹರಸ್ತೀವಲ್ಲೇ, ಅದೇ ಕಣೇ ಇದು" ಎಂದರು. ನಾನು ಅದನ್ನು ಅಮ್ಮಾಗೆ ಸಿಂಧಿಯಲ್ಲಿ ಹೇಳಿದೆ. ಅವರು ಎದ್ದು ಬಂದು ನಮ್ಮಮ್ಮನ ತಲೆಯ ಮೇಲೂ ನೀರು ಚಿಮುಕಿಸಿದರು.

ಅಮ್ಮಾ ಹೋಗಿ ಒಂಬತ್ತು ವರ್ಷವಾಯಿತು. ಮನೆಯ ಹುಡುಗರೆಲ್ಲ ತಮ್ಮತಮ್ಮಲ್ಲಿ ಹಿಂದಿ ಆಡುತ್ತಾರೆ. ಹಾಗಾಗಿ ನಾನು ಥಧ್ರಿಯ ಹಿಂದಿನ ದಿನ ಅಡುಗೆಮನೆಯಲ್ಲಿ ಸಿಂಧಿ ಬಿಟ್ಟು ಬೇರೆ ಮಾತಾಡುವುದಿಲ್ಲ. ಗೀಹು ಕೊಡು, ಅಟೋ ತಾ, ಅಷ್ಟೇ. ಮಗಳು ಪುಣೆಯಿಂದ ಬರುತ್ತಾಳೆ, ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ನನಗೆ ತೋರಿಸುತ್ತಾಳೆ. ತುಮಕೂರಿನಿಂದ ನಮ್ಮಮ್ಮನ ಫೋನು ಬರುವುದು ಆಷಾಢದಲ್ಲೇ: "ಈ ಸಲ ನಿಮ್ಮ ತಂಗಳು ಹಬ್ಬ ಯಾವತ್ತೇ? ನನಗೆ ಎರಡು ಲೋಲೊ ಎತ್ತಿಡು."